ಇನ್ನೊಂದು ಏರ್‌ಬ್ಯಾಗು

ಫೆಬ್ರವರಿ ೬, ಗುರುವಾರ

ಈ ಪುಸ್ತಕ ತಂದುಕೊಟ್ಟವರು ನಮ್ಮ ಯಜಮಾನರು. ಕಳೆದ ವಾರ ಅಂಗಡಿಗೆ ಬಂದ ಗಿರಾಕಿಯೊಬ್ಬ, ನಿನ್ನೆಯ ಮಾಂಸಕ್ಕೆ ನೀರು ಚಿಮುಕಿಸಿ ಇವತ್ತಿನದು ಅಂತ ಮಾರುತ್ತೀಯಾ ಎಂದು ಕೇಳಿದ. ಕೈಯಲ್ಲಿದ್ದ ತೂಕದ ಬಟ್ಟನ್ನು ಬೀಸಿ ಎಸೆದೆ. ಅವನಿಗೆ ತಾಗಲಿಲ್ಲ, ಗೋಡೆಯ ಟೈಲ್ಸ್ ಚೂರಾಯಿತು. ಅಪ್ಪ ಸತ್ತ ಮೇಲೆ ಈ ಮಾಂಸದಂಗಡಿಯನ್ನು ನಾನು, ತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದೇವೆ. ಅವನು ಮಚ್ಚು ಹಿಡಿದಿದ್ದರೂ ಬಾಯಲ್ಲಿ ಬೆಣ್ಣೆ. ನಾನು ಗಲ್ಲಾದ ಮುಂದೆ ಕೂತಿದ್ದರೂ ಬಾಯಲ್ಲಿ ಮಚ್ಚು. ಗಿರಾಕಿಗಳು ಬರುವುದು ಅವನ ಮುಖ ನೋಡಿ.

"ಇನ್ಮೇಲೆ ಕೋಪ ಬಂದ್ರೆ ಎಸೀಬೇಡ ಕಣೇ, ಬರಿ," ಎಂದರು ಯಜಮಾನರು. ಅವರು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜುವವರು. ಅವರಿಗೆ ಕೋಪ ಬಂದರೆ ಗಾಜು ಇನ್ನಷ್ಟು ಹೊಳೆಯುತ್ತದೆ.

ಸರಿ, ಬರೆಯುತ್ತೇನೆ. ಇವತ್ತು ಕೋಪ ಬಂದದ್ದು ಅವರ ಮೇಲೆಯೇ. ನಮ್ಮ ಕಾರಿನ ಕಂಪನಿ ಒಂದಷ್ಟು ಹಳೆಯ ಕಾರುಗಳನ್ನು ವಾಪಸ್ ಕರೆದಿದೆಯಂತೆ. ಡಿಕ್ಕಿಯಾದಾಗ ಸ್ಟೀರಿಂಗಿನಿಂದ ಏರ್‌ಬ್ಯಾಗು ಉಬ್ಬಿ ಬರುತ್ತದಲ್ಲ, ಅದನ್ನು ಉಬ್ಬಿಸಲು ಒಳಗೊಂದು ಲೋಹದ ಡಬ್ಬಿ ಇರುತ್ತದಂತೆ. ಡಬ್ಬಿಯೊಳಗಿನ ಮದ್ದು ವರ್ಷ ಕಳೆದಂತೆ ಕೆಟ್ಟು, ಚೀಲವನ್ನು ಉಬ್ಬಿಸುವ ಬದಲು ಡಬ್ಬಿಯನ್ನೇ ಸಿಡಿಸುತ್ತದಂತೆ. ಪ್ರಾಣ ಉಳಿಸಲು ಇಟ್ಟದ್ದೇ ಕೂತವರ ಮುಖಕ್ಕೆ ಚೂರು ಎರಚುತ್ತದೆ. ಕಂಪನಿಯವರು ಬಿಟ್ಟಿಯಾಗಿ ಬದಲಾಯಿಸಿ ಕೊಡುತ್ತಾರೆ, ನಮ್ಮದೂ ಇದೆಯಾ ನೋಡು, ಸೆಕೆಂಡ್ ಹ್ಯಾಂಡ್ ಗಾಡಿ, ಕಾಗದ ಬಂದರೂ ಹಳೆಯ ಮಾಲೀಕನ ಮನೆಗೆ ಬರುತ್ತದೆ ಎಂದು ನಮ್ಮವರು ಬೆಳಗಿನಿಂದ ನನ್ನ ಜೀವ ತಿಂದರು.

ಕೊನೆಗೆ ಅವರೇ ಕಾರಿನ ಮುಂದಿನ ಗಾಜಿನ ಮೇಲೆ ಕವುಚಿಕೊಂಡು ಚಾಸಿ ನಂಬರ್ ಓದಿದರು, ನಾನು ಕಂಪನಿಯ ವೆಬ್‌ಸೈಟಿನಲ್ಲಿ ಒತ್ತಿದೆ. "ಈ ವಾಹನಕ್ಕೆ ಯಾವ ರೀಕಾಲ್ ಕೂಡ ಬಾಕಿ ಇಲ್ಲ" ಎಂದು ಬಂತು. ಫೋನನ್ನು ಅವರ ಮೂಗಿಗೆ ಹಿಡಿದೆ.

"ಕನ್ನಡಕ ಹಾಕ್ಕೊಂಡು ಓದಿ, ಚೆನ್ನಾಗಿ ಓದಿ!"

ಪಕ್ಕದಲ್ಲಿ ನಿಂತಿದ್ದ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಫೆಬ್ರವರಿ ೧೯, ಬುಧವಾರ

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಮ್ಮ ಮಾಂಸ ಇಡುವ ಕೋಲ್ಡ್ ಸ್ಟೋರೇಜಿನ ಅಂಗಳ. ಕಾರನ್ನು ಶೆಡ್ಡಿನೊಳಗೆ ತರುತ್ತಿದ್ದವನು ತಮ್ಮ. ನಾನು ಮುಂದೆ ನಿಂತು ಬಾ ಬಾ ಎಂದು ಕೈ ಮಾಡುತ್ತಿದ್ದೆ. ಅಂಗಳ ತೊಳೆದಿದ್ದರು, ಅವನ ಚಪ್ಪಲಿ ಒದ್ದೆಯಾಗಿತ್ತು, ಬ್ರೇಕಿನಿಂದ ಜಾರಿ ಪಕ್ಕದ ಪೆಡಲಿಗೆ ಬಿತ್ತು. ನಾನು ಹಾರಿ ಸರಿದೆ. ಕಾರು ಕಂಬಕ್ಕೆ ಹೊಡೆಯಿತು. ಸೈಕಲ್ ಹೋಗುವಷ್ಟು ವೇಗ, ಹೆಚ್ಚೆಂದರೆ. ಬಂಪರ್ ಸೀಳಿತು, ದೀಪ ಕೂಡ ಒಡೆಯಲಿಲ್ಲ. "ಕತ್ತೆ, ನನ್ನನ್ನೇ ಕೊಲ್ತಿದ್ದಲ್ಲೋ" ಎನ್ನಲು ಬಾಯಿ ತೆರೆದೆ.

ಆಗಲೇ ಬಂದೂಕಿನ ಶಬ್ದ. ಒಳಗೆಲ್ಲ ಬಿಳಿ ಹೊಗೆ. ಬಾಗಿಲು ಕಿತ್ತು ತೆಗೆದಾಗ ಅವನು ಸೀಟಿನಲ್ಲಿ ನೆಟ್ಟಗೆ ಕೂತಿದ್ದ, ಗದ್ದದ ಕೆಳಗೆ ಒಂದು ಬಾಯಿ ತೆರೆದುಕೊಂಡಿತ್ತು. ಚೀಲ ಚಿಂದಿಯಾಗಿ ತೊಡೆಯ ಮೇಲೆ ಬಿದ್ದಿತ್ತು. ರಕ್ತ ಗಾಜಿಗೆ ಚಿಮ್ಮುತ್ತಿತ್ತು, ನಿಲ್ಲುತ್ತಿತ್ತು, ಚಿಮ್ಮುತ್ತಿತ್ತು. ಗಲ್ಲಾಕ್ಕೆ ಕೂರುವ ಮೊದಲು ಇಪ್ಪತ್ತು ವರ್ಷ ಕುರಿಗಳ ಇದೇ ನಾಳ ಕೊಯ್ದವಳು ನಾನು. ಎಲ್ಲಿ ಒತ್ತಬೇಕು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆರಳು ಒಳಗೆ ಹಾಕಿ ಹಿಡಿದೆ. ಲೋಹದ ಚೂರು ನನ್ನ ಬೆರಳಿಗೂ ಕೊಯ್ಯಿತು. ಆಂಬುಲೆನ್ಸ್ ಬರುವ ತನಕ ಬಿಡಲಿಲ್ಲ, ಆಪರೇಷನ್ ಕೋಣೆಯ ಬಾಗಿಲ ತನಕ ಬಿಡಲಿಲ್ಲ. ಅವನು ಇಡೀ ದಾರಿ ನನ್ನನ್ನೇ ನೋಡುತ್ತಿದ್ದ.

ಬದುಕುತ್ತಾನೆ. ನಾನು ಹಿಡಿದಿದ್ದೆನಲ್ಲ.

ಫೆಬ್ರವರಿ ೨೧, ಶುಕ್ರವಾರ

ತಮ್ಮ ಹೋದ. ನಾನು ಟೀ ತರಲು ಕೆಳಗಿಳಿದಿದ್ದೆ.

ಮಾರ್ಚ್ ೪, ಮಂಗಳವಾರ

ಕಾರು ಪೊಲೀಸ್ ಸ್ಟೇಷನ್ನಿನ ಹಿತ್ತಲಲ್ಲಿ ನಿಂತಿದೆ. ಇವತ್ತು ಕಂಪನಿಯಿಂದ ಒಬ್ಬ ಬಂದ. ಬಿಸಿಲಲ್ಲೂ ಟೈ ಬಿಗಿದುಕೊಂಡಿದ್ದ. ಅವನಿಗೆ ಟೈ ಅಂತಲೇ ಹೆಸರಿಟ್ಟಿದ್ದೇನೆ. ಸ್ಟೀರಿಂಗ್ ಬಿಚ್ಚಿ, ಡಬ್ಬಿಯಲ್ಲಿ ಉಳಿದ ತುಂಡಿನ ಮೇಲಿನ ಚೀಟಿಯನ್ನು ಟಾರ್ಚ್ ಹಾಕಿ ಓದಿದ. ಯಾರಿಗೋ ಫೋನ್ ಮಾಡಿದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಮೇಡಂ, ಈ ಏರ್‌ಬ್ಯಾಗು ನಿಮ್ಮ ಗಾಡೀದಲ್ಲ."

ಅವನ ಟೈಯನ್ನೇ ಹಿಡಿದು ಬಾನೆಟ್ಟಿಗೆ ಒತ್ತಿದೆ. ಇಬ್ಬರು ಪೊಲೀಸರು ಬಂದು ಬಿಡಿಸಬೇಕಾಯಿತು. ಅವನು ಕೆಮ್ಮುತ್ತಲೇ ಬಿಡಿಸಿ ಹೇಳಿದ. ಕಂಪನಿಯವರು ವಾಪಸ್ ಕರೆಯುವುದು ಚಾಸಿ ನಂಬರ್ ಹಿಡಿದು. ಚಾಸಿ ಅಂದರೆ ಗಾಡಿಯ ಮೈ. ನಮ್ಮ ಗಾಡಿಯ ಮೈಗೆ ಕಾರ್ಖಾನೆಯಲ್ಲಿ ಹಾಕಿದ್ದು ಒಳ್ಳೆಯ ಏರ್‌ಬ್ಯಾಗು; ಅದಕ್ಕೇ ಬಾಕಿ ಇಲ್ಲ ಎಂದು ಬಂದದ್ದು. ಈಗ ಇರುವುದು ಬೇರೆ ಗಾಡಿಯದು. ಆ ಗಾಡಿಯನ್ನು ಕಂಪನಿ ವಾಪಸ್ ಕರೆದಿತ್ತು, ಅದು ಬರುವ ಮೊದಲೇ ಹಿಂದಿನಿಂದ ಗುದ್ದಿಸಿಕೊಂಡು ನುಜ್ಜುಗುಜ್ಜಾಗಿ ಗುಜರಿಗೆ ಹೋಯಿತು. ಅದರಿಂದ ಯಾರೋ ಬಿಚ್ಚಿ ತಂದು ನಮ್ಮದಕ್ಕೆ ಜೋಡಿಸಿದ್ದಾರೆ.

"ಗುಜರಿಯಿಂದ ಬಂದ ಬ್ಯಾಗಿನ ಬೆನ್ನು ಹತ್ತೋಕೆ ಯಾರಿಂದ್ಲೂ ಆಗಲ್ಲ ಮೇಡಂ. ನಂಬರ್ ಕ್ಲೀನ್ ಇರುತ್ತೆ, ಒಳಗಿರೋದು ಬೇರೆ."

ನಾನು ನಂಬರನ್ನು ನಂಬಿದೆ. ಯಜಮಾನರ ಮೂಗಿಗೆ ಹಿಡಿದೆ.

ಈ ಗಾಡಿಗೆ ಮೊದಲು ಯಾವಾಗಲಾದರೂ ಅಪಘಾತವಾಗಿತ್ತಾ ಎಂದು ಟೈ ಕೇಳಿದ. ನನಗೆ ಮಾರಿದ ಹಲ್ಲಿನ ಡಾಕ್ಟರನ್ನು ಕೇಳಬೇಕು ಎಂದೆ. ಪೊಲೀಸರು ತಾವು ಕೇಳುತ್ತೇವೆ ಎಂದರು. ಕೇಳಲಿ, ಅವರ ಪುರುಸೊತ್ತಿಗೆ.

ಮಾರ್ಚ್ ೫, ಬುಧವಾರ

ಹಲ್ಲಿನ ಡಾಕ್ಟರ್ ಒಬ್ಬನೇ ಇದ್ದ. ಬಾಗಿಲ ಚಿಲಕ ಹಾಕಿ, ಅವನನ್ನು ಅವನದೇ ಕುರ್ಚಿಯಲ್ಲಿ ಮಲಗಿಸಿ, ಎದೆಯ ಮೇಲೆ ಮೊಣಕಾಲು ಊರಿದೆ. ದೀಪವನ್ನು ಅವನ ಕಣ್ಣಿಗೆ ತಿರುಗಿಸಿದೆ. ಅವನು ಬೇಗ ಒಪ್ಪಿಕೊಂಡ. ಒಮ್ಮೆ ಮರಕ್ಕೆ ಗುದ್ದಿದ್ದನಂತೆ, ಏರ್‌ಬ್ಯಾಗು ಬಿಚ್ಚಿಕೊಂಡಿತ್ತಂತೆ. ಹೊಸದು ಹಾಕಿಸಿದರೆ ದುಬಾರಿ ಅಂತ ರಿಂಗ್ ರೋಡಿನ ಟಿಂಕರಿಂಗ್ ಅಂಗಡಿಯಲ್ಲಿ ಮಾಡಿಸಿದನಂತೆ. ಅಲ್ಲಿನವನನ್ನು ಎಲ್ಲರೂ ಇಸ್ತ್ರಿ ಎನ್ನುತ್ತಾರೆ; ಎಂಥ ನೆಗ್ಗನ್ನೂ ಬಟ್ಟೆ ತೀಡಿದ ಹಾಗೆ ತೀಡುತ್ತಾನಂತೆ.

"ನಂಗ್ಯಾಕೆ ಹೇಳ್ಲಿಲ್ಲ?"

"ರಿಪೇರಿ ಆಗಿತ್ತಲ್ಲಮ್ಮ, ಆಗಿದ್ದನ್ನ ಯಾಕೆ ಹೇಳೋದು ಅಂತ..."

ಒಂದೇ ಗುದ್ದು. ಮುಂದಿನ ಹಲ್ಲು ಅವನ ಬಿಳಿ ಕೋಟಿನ ಮೇಲೆ ಬಿತ್ತು. ಹಲ್ಲು ಕೀಳಿಸಿಕೊಳ್ಳಲು ಅವನಿಗಿಂತ ಒಳ್ಳೆಯ ಜಾಗ ಯಾರಿಗಿದೆ!

ಮನೆಗೆ ಬಂದು ಹೇಳಿದೆ. ಯಜಮಾನರು ಊಟದ ತಟ್ಟೆ ಸರಿಸಿ ಎದ್ದುಹೋದರು. ನಾನು ಅವರ ತಟ್ಟೆಯದನ್ನೂ ತಿಂದೆ. ಈ ಪುಸ್ತಕದಿಂದ ಉಪಯೋಗ ಇದೆ. ಹಿಂದಿನ ಹಾಗೆ ಕೂಗಾಟ ಇಲ್ಲ, ಏನನ್ನೂ ಎಸೆಯುವುದಿಲ್ಲ. ತಮ್ಮನ ಹೆಂಡತಿ ಈಗ ಗಲ್ಲಾದಲ್ಲಿ ಕೂರುತ್ತಾಳೆ, ನಾನು ಅವನ ಜಾಗದಲ್ಲಿ ನಿಂತು ಕಡಿಯುತ್ತೇನೆ. ಅವಳು ಇವತ್ತು ಮೊದಲ ಸಲ ಬಾಯಿ ಬಿಟ್ಟಳು.

"ಆ ಇಸ್ತ್ರಿನ ಸುಮ್ನೆ ಬಿಡ್ಬೇಡಿ ಅಕ್ಕ," ಎಂದಳು.

ಮಾರ್ಚ್ ೮, ಶನಿವಾರ

ಕತ್ತಿ ಒಯ್ಯಲಿಲ್ಲ. ಒಯ್ದರೆ ಕೊಂದುಬಿಡುತ್ತೇನೆ ಅಂತ ಗೊತ್ತಿತ್ತು. ಅಷ್ಟು ಬುದ್ಧಿ ನನಗಿದೆ. ಮೂಳೆ ಒಡೆಯುವ ಮರದ ಕೊಡತಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ.

ತಗಡಿನ ಶೆಡ್ಡು. ಬಾಗಿಲಿಲ್ಲದ ಒಂದು ಕಾರು, ಕಾರಿಲ್ಲದ ನಾಲ್ಕಾರು ಬಾಗಿಲು. ಸಪೂರ ಮನುಷ್ಯ, ಕಿವಿಗೆ ಹತ್ತಿ ಇಟ್ಟುಕೊಂಡು ತಗಡು ಬಡಿಯುತ್ತಿದ್ದ. ಭುಜ ತಟ್ಟಿದೆ.

"ಇಸ್ತ್ರಿ ಅಂದ್ರೆ ನೀನಾ?"

"ಹೂಂ ಅಕ್ಕಾ. ಗಾಡಿ ಎಲ್ಲಿ?"

"ಗಾಡಿ ಸ್ಟೇಷನ್ನಲ್ಲಿದೆ. ಓಡಿಸ್ತಿದ್ದ ನನ್ನ ತಮ್ಮ ಮಣ್ಣಲ್ಲಿದಾನೆ. ಹಲ್ಲಿನ ಡಾಕ್ಟರ್ ಗಾಡಿಗೆ ಏರ್‌ಬ್ಯಾಗ್ ಹಾಕ್ದೋನು ನೀನೇ ತಾನೇ?"

ಹತ್ತಿ ತೆಗೆದ. ಪೇಪರಿನಲ್ಲಿ ಓದಿದ್ದನೋ ಏನೋ, ಮುಖ ಬಿಳಿಚಿಕೊಂಡಿತು. ಆದರೆ ಓಡಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ.

"ಬೇರೆಯವ್ರು ಆ ಜಾಗಕ್ಕೆ ಬಟ್ಟೆ ತುರುಕಿ, ಮೀಟರಲ್ಲಿ ದೀಪ ಉರೀದಂಗೆ ಮಾಡಿ ಕಳಿಸ್ತಾರಕ್ಕ. ನಾನು ಹಾಗೆ ಮೋಸ ಮಾಡ್ದೋನಲ್ಲ. ನಿಜವಾದ್ದೇ ಹಾಕ್ದೆ. ಗುಜರಿ ಗಾಡೀದು, ಒಂದ್ಸಲಾನೂ ಬಿಚ್ಚಿರ್ಲಿಲ್ಲ, ಹೊಸದಿದ್ದಂಗಿತ್ತು. ನಂಗೇನಕ್ಕ ಗೊತ್ತು ಅದು ಹಿಂಗೆ ಅಂತ. ಆ ಗಾಡೀಲಿ ಎರಡಿತ್ತು, ಇನ್ನೊಂದನ್ನ..."

ಬಲಗಡೆಯಿಂದ ಬೀಸಿದೆ. ದವಡೆ ಮುರಿಯುವ ಶಬ್ದ ನನಗೆ ಹೊಸದಲ್ಲ. ಅವನು ತಿರುಗಿ ಹಿಂದಕ್ಕೆ ಬಿದ್ದ, ತಲೆ ಕಬ್ಬಿಣದ ಅಡಿಗಲ್ಲಿಗೆ ಬಡಿಯಿತು. ಬಿದ್ದವನಿಗೆ ಮತ್ತೊಂದು ಕೊಟ್ಟೆ, ಪಕ್ಕೆಗೆ. ಆಮೇಲೆ ಕಿವಿಯಿಂದ ಸಣ್ಣಗೆ ರಕ್ತ ಬಂತು. ಆಂಬುಲೆನ್ಸಿಗೆ ನಾನೇ ಫೋನ್ ಮಾಡಿದೆ. ಕಾಯುತ್ತಾ ಅವನ ಸ್ಟೂಲಿನ ಮೇಲೆ ಕೂತೆ. ಸುಳ್ಳು ಯಾಕೆ ಬರೆಯಲಿ, ಸುಖವಾಯಿತು.

ಮಾರ್ಚ್ ೧೦, ಸೋಮವಾರ

ನಿನ್ನೆ ಇಡೀ ದಿನ ಲಾಕಪ್ಪು. ಹೊಡೆದದ್ದು ನಾನೇ ಎಂದು ಹೇಳಿದ್ದರಿಂದ ಇನ್ಸ್‌ಪೆಕ್ಟರಿಗೆ ಕೆಲಸ ಕಡಿಮೆಯಾಯಿತು. ಇವತ್ತು ಯಜಮಾನರು ಜಾಮೀನು ಕೊಟ್ಟು ಬಿಡಿಸಿದರು. ದಿನಾ ಸ್ಟೇಷನ್ನಿಗೆ ಬಂದು ಸಹಿ ಹಾಕಬೇಕು, ಇಸ್ತ್ರಿಯ ಹತ್ತಿರ ಸುಳಿಯಬಾರದು, ಇನ್ನೊಂದು ಗಲಾಟೆ ಆದರೆ ನೇರ ಜೈಲು. ಯಜಮಾನರು ನನ್ನ ಪಕ್ಕದಲ್ಲಿ ನಡೆಯುವಾಗ ಈಗ ಸ್ವಲ್ಪ ದೂರ ಬಿಟ್ಟು ನಡೆಯುತ್ತಾರೆ.

ತಮ್ಮನ ಹೆಂಡತಿ ಮಾತ್ರ ಬಂದು ನನ್ನ ಕೈಗೆ ಎಣ್ಣೆ ಹಚ್ಚಿದಳು. ಮಣಿಕಟ್ಟು ಉಳುಕಿತ್ತು.

ಮಾರ್ಚ್ ೧೨, ಬುಧವಾರ

ಟೈ ಫೋನ್ ಮಾಡಿದ. ಗುಜರಿಯವನನ್ನು ಹಿಡಿದು ವಿಚಾರಿಸಿದ್ದಾರೆ. ಆ ಗಾಡಿಯಲ್ಲಿ ಎರಡು ಏರ್‌ಬ್ಯಾಗು ಇದ್ದವಂತೆ. ಡ್ರೈವರಿನದು ನಮ್ಮದಕ್ಕೆ ಬಂತು. ಎಡಗಡೆ ಸೀಟಿನ ಮುಂದಿನದನ್ನೂ ಇಸ್ತ್ರಿಯೇ ಒಯ್ದಿದ್ದಾನೆ. ಶೆಡ್ಡಿನಲ್ಲಿ ಹುಡುಕಿದರು, ಇಲ್ಲ. ಎಂದರೆ ಯಾವುದೋ ಗಾಡಿಗೆ ಹಾಕಿ ಕಳಿಸಿದ್ದಾನೆ.

"ಅದರ ನಂಬರ್ ಕೂಡ ಕ್ಲೀನ್ ಇರುತ್ತೆ ಮೇಡಂ. ಓಡಿಸೋರಿಗೆ ಗೊತ್ತೇ ಇರಲ್ಲ. ಯಾವ ಗಾಡಿ ಅಂತ ಗೊತ್ತಿರೋದು ಅವನೊಬ್ಬನಿಗೇ, ಅವನು ಎಲ್ಲಾ ತಲೇಲೇ ಇಟ್ಕೊಂಡಿದ್ನಂತೆ. ಈಗ ಅವನಿಗೆ ಮಾತೇ ಹೊರಡಲ್ಲ, ನಿಮಗೇ ಗೊತ್ತಲ್ಲ."

ಆ ತಲೆಯನ್ನು ಒಡೆದವಳು ನಾನು. ಇನ್ನೊಂದನ್ನ ಅಂದಿದ್ದ. ನನಗೆ ಕೇಳಿಸಿತ್ತು. ಆ ಮಾತು ಮುಗಿಯುವ ತನಕ ತಡೆದಿದ್ದರೆ ಸಾಕಿತ್ತು.

ಸಂಜೆ ಅಂಗಡಿಯಲ್ಲಿ ಕಡಿಯುತ್ತಾ ರಸ್ತೆ ನೋಡಿದೆ. ಎಷ್ಟು ಗಾಡಿಗಳಲ್ಲಿ ಎಡಗಡೆ ಸೀಟಿನಲ್ಲಿ ಯಾರಾದರೂ ಕೂತಿರುತ್ತಾರೆ! ಇದನ್ನು ಯಾವತ್ತೂ ಗಮನಿಸಿರಲಿಲ್ಲ.

ಮಾರ್ಚ್ ೧೩, ಗುರುವಾರ

ಆಸ್ಪತ್ರೆಗೆ ಹೋದೆ. ಕೋಣೆಯ ಹೊರಗೆ ಬೆಂಚಿನ ಮೇಲೆ ಇಸ್ತ್ರಿಯ ತಾಯಿ ಕೂತಿದ್ದಳು. ಮುದುಕಿಗೆ ನನ್ನ ಗುರುತು ಹೇಗೆ ಸಿಕ್ಕಿತೋ, ಎದ್ದವಳೇ ಊರುಗೋಲಿನಿಂದ ಕೆನ್ನೆಗೆ ಬಾರಿಸಿದಳು. ಕೆಳಗೆ ಬಿದ್ದೆ. ಬಿದ್ದಲ್ಲಿಗೇ ಬಂದು ಬೆನ್ನಿಗೆ ಬಿಟ್ಟಳು.

"ಉಳಿದಿದ್ದನ್ನ ಮುಗಿಸೋಕೆ ಬಂದ್ಯಾ? ಬಾ, ಮೊದಲು ನನ್ನ ಮುಗಿಸು!"

ಎದ್ದು ಬಂದೆ. ಆ ಕೋಲು ಕಿತ್ತುಕೊಳ್ಳುವುದು ನನಗೆ ಕಷ್ಟವಿರಲಿಲ್ಲ. ಯಾಕೋ ಮನಸ್ಸಾಗಲಿಲ್ಲ, ದಣಿದಿದ್ದೆನೇನೋ.

ಮಾರ್ಚ್ ೧೬, ಭಾನುವಾರ

ಇವತ್ತು ಮುದುಕಿ ಕೋಲೆತ್ತುವ ಮೊದಲೇ ದೂರದಿಂದ ಕೂಗಿ ಹೇಳಿಬಿಟ್ಟೆ. ಇನ್ನೊಂದು ಇದೆಯಮ್ಮಾ, ಯಾರದೋ ಗಾಡಿಯಲ್ಲಿದೆ, ನಿಮ್ಮ ಮಗನಿಗೆ ಮಾತ್ರ ಗೊತ್ತು ಎಂದು. ಟೈ ಹೇಳಿದ್ದನ್ನೆಲ್ಲ ಹೇಳಿದೆ. ನನ್ನ ತಮ್ಮನ ಕುತ್ತಿಗೆ ಹೇಗಾಗಿತ್ತು ಅಂತಲೂ ಹೇಳಿದೆ. ಅವಳು ಬೆಂಚಿನ ಮೇಲೆ ಕೂತಳು.

"ನನ್ನ ಮಗನ ಕೈಯಿಂದ ಇನ್ನೊಂದು ಸಾವು ಆಗಬಾರ್ದು," ಎಂದಳು. "ಒಳಗೆ ಹೋಗು."

ನಾನು ಬಾಗಿಲು ದಾಟುವಾಗ ಹಿಂದಿನಿಂದ ಒಂದು ಏಟು ಬಿತ್ತು. ಅದು ನ್ಯಾಯವೇ.

ಇಸ್ತ್ರಿಯ ದವಡೆಗೆ ತಂತಿ ಬಿಗಿದಿದ್ದಾರೆ. ಬಲಗಡೆ ಪೂರ್ತಿ ಬಿದ್ದುಹೋಗಿದೆ. ನನ್ನನ್ನು ಕಂಡು ಕಣ್ಣು ಅಗಲವಾಯಿತು, ಪಕ್ಕದ ಯಂತ್ರ ಕಿರಿಚಿತು, ನರ್ಸ್ ಓಡಿಬಂದು ನನ್ನನ್ನು ಹೊರಗೆ ಹಾಕಿದಳು.

ಮಾರ್ಚ್ ೨೧, ಶುಕ್ರವಾರ

ದಿನಾ ಹೋಗುತ್ತಿದ್ದೇನೆ. ಸಹಿ ಹಾಕಿ, ಸ್ಟೇಷನ್ನಿನ ಹಿಂದಿನ ಗಲ್ಲಿಯಿಂದ ಆಸ್ಪತ್ರೆಗೆ. ಬಾಗಿಲಲ್ಲಿ ಅವನ ತಾಯಿಯ ಏಟು, ಆಮೇಲೆ ಒಳಗೆ. ಬೆನ್ನಿನ ತುಂಬ ಬಾಸುಂಡೆ. ಯಜಮಾನರು ನೋಡಿ ಮುಲಾಮು ಹಚ್ಚಿದರು. ಅವರ ಕೈ ಬಹಳ ದಿನದ ಮೇಲೆ ಮೈ ಮುಟ್ಟಿದ್ದು.

ಇಸ್ತ್ರಿಯ ಎಡಗೈ ಹಿಡಿದುಕೊಳ್ಳುತ್ತೇನೆ. ಹೌದಾದರೆ ಒತ್ತುತ್ತಾನೆ, ಇಲ್ಲವಾದರೆ ಸುಮ್ಮನಿರುತ್ತಾನೆ. ಗಾಡಿ ಬಿಳಿಯದಾ? ಕಪ್ಪಾ? ಕೆಂಪಾ? ಅರ್ಧಕ್ಕೆ ನಿದ್ದೆ ಹೋಗುತ್ತಾನೆ, ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತದೆ, ಒರೆಸುತ್ತೇನೆ. ಎಚ್ಚರವಾದ ಮೇಲೆ ಮತ್ತೆ ಮೊದಲಿಂದ. ಇವತ್ತು ಹಸಿರು ಎಂದಾಗ ಒತ್ತಿದ.

ಮಾಲೀಕ ಯಾರು ಅಂತ ಕೇಳಿದರೆ ಏನೂ ಇಲ್ಲ. ಗಂಡಸಾ, ಹೆಂಗಸಾ, ಏನೂ ಇಲ್ಲ. ನನಗೆ ರೇಗಿತು. ಆಮೇಲೆ ಹೊಳೆಯಿತು: ನನಗೂ ಗಿರಾಕಿಯ ಮುಖ ನೆನಪಿರುವುದಿಲ್ಲ, ಅವರು ಒಯ್ಯುವ ತುಂಡು ನೆನಪಿರುತ್ತದೆ. ಇವನಿಗೆ ನೆನಪಿರುವುದು ನೆಗ್ಗು. "ಎಲ್ಲಿ ಗುದ್ದಿತ್ತು ತೋರ್ಸು" ಎಂದು ಅಂಗೈ ಹಿಡಿದೆ. ಬೆರಳಿನಿಂದ ಮೆಲ್ಲಗೆ ಎಳೆದ. ಎಡಗಡೆ, ಮುಂದಿನ ದೀಪದಿಂದ ಚಕ್ರದ ಮೇಲಕ್ಕೆ ಹೋಗಿ, ಬಾಗಿಲ ಅಂಚಿನಲ್ಲಿ ಕೊಕ್ಕೆಯ ಹಾಗೆ ತಿರುಗುವ ನೆಗ್ಗು. ಎರಡನೆಯ ಸಲ ಎಳೆಸಿದಾಗಲೂ ಅದೇ ಗೆರೆ. ತಲೆ ಒಡೆದರೂ ಅವನ ಕೆಲಸ ಅವನಲ್ಲಿ ಉಳಿದಿದೆ.

"ಬಣ್ಣ ಸರಿಯಾಗಿ ಕೂತಿತ್ತಾ?"

ಸುಮ್ಮನಿದ್ದ. ಅಂದರೆ ಮಡ್‌ಗಾರ್ಡಿನ ಹಸಿರು ಉಳಿದ ಹಸಿರಿಗಿಂತ ಬೇರೆ. ಅದನ್ನು ಹೇಳಲು ಅವನಿಗೆ ನಾಚಿಕೆಯಾದ ಹಾಗೆ ಕಂಡಿತು. ನನಗೆ ನಗು ಬಂತು. ಅವನ ಕಣ್ಣಲ್ಲೂ ಸ್ವಲ್ಪ ಏನೋ ಬಂದಿತ್ತು.

ಮಾರ್ಚ್ ೨೨, ಶನಿವಾರ

ತಮ್ಮನ ಹೆಂಡತಿಗೆ ಯಾರೋ ಹೇಳಿದ್ದಾರೆ. ಗಿರಾಕಿಗಳ ಎದುರೇ ಗಲ್ಲಾದ ಪೆಟ್ಟಿಗೆ ಎತ್ತಿ ನನ್ನ ಮೇಲೆ ಎಸೆದಳು. ಹುಬ್ಬು ಸೀಳಿತು.

"ನನ್ನ ಗಂಡನ್ನ ಕೊಂದೋನ ಕೈ ಹಿಡ್ಕೊಂಡು ಕೂರ್ತೀರಂತೆ! ಜೊಲ್ಲು ಒರೆಸ್ತೀರಂತೆ! ನಾಚ್ಕೆ ಆಗಲ್ವಾ ಅಕ್ಕ ನಿಮ್ಗೆ?"

"ಇನ್ನೊಂದು ಇದೆ ಕಣೇ..."

"ಇದ್ರೆ ಇರ್ಲಿ! ಯಾರಾದ್ರೂ ಸಾಯ್ಲಿ! ನನ್ನೋನು ಸತ್ತಾಗ ಯಾರು ಹುಡುಕ್ಕೊಂಡು ಬಂದ್ರು?"

ಮಚ್ಚು ಅವಳ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಅವಳು ಅದನ್ನು ನೋಡಿದಳು, ನಾನೂ ನೋಡಿದೆ. ಅದನ್ನು ತೆಗೆದು ಕೊರಡಿಗೆ ಹೊಡೆದು ನಿಲ್ಲಿಸಿ, ಅವಳನ್ನು ಅಪ್ಪಿಕೊಂಡೆ. ಭುಜ ಕಚ್ಚಿದಳು. ಬಿಡಲಿಲ್ಲ. ಕೊನೆಗೆ ಇಬ್ಬರೂ ಮೂಳೆ ಚೂರು ಬಿದ್ದ ನೆಲದ ಮೇಲೆ ಕೂತು ಅತ್ತೆವು. ಅವನು ಹೋದ ಮೇಲೆ ನಾನು ಅತ್ತದ್ದು ಇದೇ ಮೊದಲು.

ಮಾರ್ಚ್ ೨೮, ಶುಕ್ರವಾರ

ಟೈ ತನ್ನ ಕಂಪನಿಯ ಹಸಿರು ಗಾಡಿಗಳ ಪಟ್ಟಿ ತರಿಸಿದ್ದಾನೆ, ಈ ಊರಲ್ಲೇ ನೂರಾರು. ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದಾರೆ. ಅರ್ಧ ಜನ ಏನೋ ಮಾರಲು ಬಂದವರು ಎಂದು ಫೋನ್ ಇಡುತ್ತಾರಂತೆ. ಗಾಡಿ ಕೈ ಬದಲಾಗಿದ್ದರೆ ಹಳೆಯವರು ನಮ್ಮದಲ್ಲ ಎನ್ನುತ್ತಾರಂತೆ. ಪಾಪ, ಅವನ ಗಂಟಲು ಬಿದ್ದುಹೋಗಿದೆ.

ನಾನು ಅಂಗಡಿಯನ್ನು ತಮ್ಮನ ಹೆಂಡತಿಗೆ ಬಿಟ್ಟು ರಿಂಗ್ ರೋಡಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲುತ್ತೇನೆ. ಇಸ್ತ್ರಿಯ ಶೆಡ್ಡಿಗೆ ಬರುವವರು ಆ ಕಡೆಯವರೇ ತಾನೇ. ಹಸಿರು ಕಂಡರೆ ಓಡಿಹೋಗಿ ಎಡ ಮಡ್‌ಗಾರ್ಡ್ ಸವರುತ್ತೇನೆ. ಬಂಕಿನವರು ಹುಚ್ಚಿ ಎಂದುಕೊಂಡಿದ್ದಾರೆ. ಒಬ್ಬ ಗಂಡಸು ಕಾರಿನಿಂದ ಇಳಿದು ಕೈ ತಿರುಚಿದ. ತಿರುಚಲಿ ಎಂದು ಬಿಟ್ಟೆ.

ಇಸ್ತ್ರಿಗೆ ಜ್ವರ ಏರಿದೆ. ಇವತ್ತು ಕೈ ಹಿಡಿದಾಗ ಸುಡುತ್ತಿತ್ತು. ಅವನ ತಾಯಿ ಹೊಡೆಯುವುದನ್ನು ಮರೆತರು.

ಏಪ್ರಿಲ್ ೨, ಬುಧವಾರ

ಲಾಕಪ್ಪಿನಲ್ಲಿ ಬರೆಯುತ್ತಿ­ದ್ದೇನೆ. ಪುಸ್ತಕ ಯಜಮಾನರು ತಂದುಕೊಟ್ಟರು. ಎಡಗಣ್ಣು ಊದಿ ಮುಚ್ಚಿದೆ, ಗೆರೆ ವಕ್ರವಾದರೆ ಆಗಲಿ.

ಮಧ್ಯಾಹ್ನ ಸಿಕ್ಕಿತು. ಗಾಳಿ ಹಾಕಿಸಲು ಬಂದಿತ್ತು. ದೀಪದಿಂದ ಚಕ್ರದ ಮೇಲೆ ಹೋಗಿ ಬಾಗಿಲ ಅಂಚಿನಲ್ಲಿ ತಿರುಗುವ ಗೆರೆ, ಬಿಸಿಲಿಗೆ ಬೇರೆ ಹಸಿರಾಗಿ ಹೊಳೆಯುತ್ತಿತ್ತು. ಬೆರಳಿಟ್ಟು ನೋಡಿದೆ, ಅವನು ನನ್ನ ಅಂಗೈಯಲ್ಲಿ ಎಳೆದದ್ದೇ. ಓಡಿಸುತ್ತಿದ್ದವಳು ಬಿಳಿ ಕೋಟಿನ ಹೆಂಗಸು. ಎಡಗಡೆ ಅವಳ ಮಗಳು, ಎಂಟೊಂಬತ್ತು ವರ್ಷದವಳು, ಎರಡೂ ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ, ಸರಿಯಾಗಿ ಅದೇ ಮುಚ್ಚಳದ ಮೇಲೆ ಚಾಚಿಕೊಂಡು ಕೂತಿದ್ದಳು.

"ಮೇಡಂ, ಇದನ್ನ ಇಸ್ತ್ರಿ ಹತ್ರ ರಿಪೇರಿ ಮಾಡ್ಸಿದ್ರಾ?"

"ಹೌದು. ಯಾಕೆ?"

"ಎಡಗಡೆ ಏರ್‌ಬ್ಯಾಗು ಸಿಡಿಯುತ್ತೆ. ಮಗೂನ ಇಳ್ಸಿ. ಈಗ್ಲೇ."

ಅವಳು ನನ್ನ ರಕ್ತದ ಕಲೆಯ ಏಪ್ರನ್ನು, ಹೊಲಿಗೆ ಹಾಕಿದ ಹುಬ್ಬನ್ನು ನೋಡಿದಳು. ಗಾಜು ಏರಿಸುತ್ತಾ, "ಆ ರೀಕಾಲ್ ಬಗ್ಗೆ ಗೊತ್ತು. ನಂಬರ್ ಹಾಕಿ ನೋಡಿದೀನಿ, ನಮ್ಮ ಗಾಡಿಗೆ ಏನೂ ಬಾಕಿ ಇಲ್ಲ. ದಾರಿ ಬಿಡಿ," ಎಂದಳು.

ನಂಬರ್ ನಂಬಬೇಡಿ ಎಂದು ಗಾಜು ಬಡಿದೆ. ಅಡ್ಡ ನಿಂತು ಟೈಗೆ ಫೋನ್ ಮಾಡಿದೆ, ಅವನು ಎತ್ತಲಿಲ್ಲ. ಅವಳು ಹಾರನ್ ಒತ್ತುತ್ತಾ ಗಾಡಿ ಮುಂದಕ್ಕೆ ತಂದಳು, ಬಂಪರ್ ಮೊಣಕಾಲಿಗೆ ತಾಗಿತು. ಮುಂದೆ ರಿಂಗ್ ರೋಡು, ಲಾರಿಗಳು.

ಬೆಳಗಿನ ಕಡಿತ ಮುಗಿಸಿ ಅಂಗಡಿಯಿಂದ ನೇರ ಬಂದಿದ್ದೆ, ಎಲುಬು ಬಿಡಿಸುವ ಚೂರಿ ಸೊಂಟದಲ್ಲಿತ್ತು. ಮುಂದಿನ ಎರಡೂ ಟೈರ್ ಸೀಳಿದೆ. ಗಾಡಿ ಕುಸಿಯಿತು. ಅವಳು ಗಾಬರಿಯಾಗಿ ಎಕ್ಸಿಲರೇಟರ್ ಒತ್ತಿದಳು, ಚಕ್ರ ಕಿರಿಚಿತು. ಚೂರಿಯ ಹಿಡಿಯಿಂದ ಎಡ ಗಾಜು ಒಡೆದು, ಬಾಗಿಲು ತೆಗೆದು, ಬೆಲ್ಟ್ ಕೊಯ್ದು ಹುಡುಗಿಯನ್ನು ಎಳೆದೆ. ಅವಳು ಕಿರುಚುತ್ತಾ ಉಗುರಿನಿಂದ ನನ್ನ ಮುಖ ಪರಚಿದಳು. ಎತ್ತಿಕೊಂಡು ಗಾಳಿ ಹಾಕುವ ಕೋಣೆಯ ಗೋಡೆಯ ತನಕ ಓಡಿದೆ, ಚೂರಿ ಬಿಸಾಡಿ ಅವಳ ಮೇಲೆ ಬೋರಲು ಬಿದ್ದೆ.

ಮಕ್ಕಳ ಕಳ್ಳಿ ಎಂದು ಯಾರೋ ಕೂಗಿದರು. ಆಮೇಲೆ ಇಡೀ ಬಂಕೇ ನನ್ನ ಮೇಲೆ. ಬೂಟು, ಸ್ಪ್ಯಾನರ್, ಗಾಳಿ ಹಾಕುವ ಪೈಪು. ಪಕ್ಕೆಲುಬು ಮುರಿದದ್ದು ಒಳಗಿನಿಂದ ಕೇಳಿಸಿತು. ಒಬ್ಬರಿಗೂ ತಿರುಗಿ ಹೊಡೆಯಲಿಲ್ಲ; ಕೈ ಬಿಟ್ಟರೆ ಹುಡುಗಿ ಗಾಡಿಗೆ ಓಡಿಹೋಗುತ್ತಿದ್ದಳು.

ಏಪ್ರಿಲ್ ೩, ಗುರುವಾರ

ಟೈ ಬಂದಿದ್ದ. ಹಸಿರು ಗಾಡಿಯ ಡ್ಯಾಶ್‌ಬೋರ್ಡ್ ಬಿಚ್ಚಿದರಂತೆ. ಅದೇ ಚೀಟಿ, ಅದೇ ಗುಜರಿ ಗಾಡಿಯದು. ಬಯಲಿಗೆ ಒಯ್ದು ದೂರದಿಂದ ಸಿಡಿಸಿ ನೋಡಿದರಂತೆ. ಕೂರಿಸಿದ್ದ ಗೊಂಬೆಯ ತಲೆ ಉಳಿಯಲಿಲ್ಲ ಎಂದ. ಮೊದಲ ಬಾರಿಗೆ ಟೈ ಇಲ್ಲದೆ ಬಂದಿದ್ದ.

"ನೀವು ಸೀಳಿದ ಟೈರಿನ ಖರ್ಚು ಕಂಪನಿ ಕೊಡುತ್ತೆ ಮೇಡಂ. ಆ ಹುಡುಗಿಯ ಅಮ್ಮ ಕೇಸ್ ವಾಪಸ್ ತಗೊಂಡ್ರು, ಹೊರಗೆ ನಿಂತು ಅಳ್ತಿದಾರೆ."

ಯಜಮಾನರು ಸರಳಿನೊಳಗೆ ಕೈ ಹಾಕಿ ನನ್ನ ತಲೆ ನೇವರಿಸಿದರು. ಪೊಲೀಸರು ಕೂಡ ಟೀ ತರಿಸಿದರು. ಎಲ್ಲರೂ ಒಂದು ಜೀವ ಉಳಿಸಿದೆ ಎನ್ನುತ್ತಿದ್ದರು. ನನಗೂ ಕೇಳಲು ಹಿತವಾಗಿತ್ತು. ಜಾಮೀನು ಮುರಿದದ್ದಕ್ಕೆ ನಾಲ್ಕು ದಿನ ಒಳಗಿದ್ದರೆ ಇದ್ದೇನು, ಆಮೇಲೆ ಇಸ್ತ್ರಿಗೆ ಹೋಗಿ ಹೇಳಬೇಕು, ನಿನ್ನ ಗೆರೆ ಸರಿಯಾಗಿತ್ತು ಅಂತ.

ಸಂಜೆ ಅವನ ತಾಯಿ ಬಂದರು. ಕೋಲು ಊರುತ್ತಾ ಬಂದು ಸರಳಿನ ಹತ್ತಿರ ನಿಂತರು.

"ನನ್ನ ಮಗ ಹೋದ," ಎಂದರು. "ಬೆಳಿಗ್ಗೆ."

ಯಾರೂ ನನಗೆ ಹೇಳಿರಲಿಲ್ಲ. ಅವರ ಹಿಂದೆ ಇನ್ಸ್‌ಪೆಕ್ಟರ್ ತಲೆ ತಗ್ಗಿಸಿ ನಿಂತಿದ್ದರು. ಕೈಯಲ್ಲಿದ್ದ ಕಾಗದ ನೋಡಿದಾಗಲೇ ಗೊತ್ತಾಯಿತು, ಕೇಸು ಈಗ ಕೊಲೆಯದು.

"ಆ ಹುಡುಗಿ ಉಳಿದ್ಲಂತೆ?"

"ಉಳಿದ್ಲಮ್ಮಾ."

"ಅವನು ತೋರ್ಸಿದ್ದಕ್ಕೆ ತಾನೇ?"

"ಅವನು ತೋರ್ಸಿದ್ದಕ್ಕೇ."

ತಲೆಯಾಡಿಸಿದರು. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದರು.

"ಇಷ್ಟು ದಿನ ಅವನ ಕೈ ಹಿಡ್ಕೊಂಡು ಕೂತಿದ್ಯಲ್ಲ. ನಾನು ಹೊರಗಿದ್ದೆ, ನಂಗೆ ಕೇಳಿಸ್ತಿರ್ಲಿಲ್ಲ. ತಪ್ಪಾಯ್ತು ಅಂತ ಅವನಿಗೆ ಹೇಳಿದ್ಯಾ?"

ಸುಳ್ಳು ಹೇಳಿದ್ದರೆ ನಂಬುತ್ತಿದ್ದರು. ನಂಬಲೆಂದೇ ಅಷ್ಟು ದೂರ ನಡೆದು ಬಂದಿದ್ದರು.

"ಇಲ್ಲಮ್ಮಾ. ಗಾಡಿ ಯಾವುದು ಅಂತ ಕೇಳ್ದೆ."

"ಒಂದ್ಸಲಾನೂ?"

"ಇಲ್ಲ."

ನಾನು ಸರಳಿಗೆ ಮುಖ ಒತ್ತಿ ನಿಂತೆ. ಅವರು ಕೋಲೆತ್ತಲಿಲ್ಲ.

"ಅದಕ್ಕೇ ಕಾದಿರ್ತಾನೆ," ಎಂದು ಹೇಳಿ ತಿರುಗಿ ಹೋದರು.

ಅವರ ಕೋಲಿನ ಸದ್ದು ಹೊರಬಾಗಿಲು ದಾಟುವ ತನಕ ನಿಂತಿದ್ದೆ. ಆಮೇಲೆ ಬಾಯಿ ಬಿಟ್ಟು ಹೇಳಿದೆ, "ತಪ್ಪಾಯ್ತು ಕಣಪ್ಪಾ." ಕಾವಲಿನ ಪೊಲೀಸ್ ಎದ್ದು ಬಂದು ಏನು ಬೇಕು ಎಂದು ಕೇಳಿದ. ನಿನಗೆ ಹೇಳಿದ್ದಲ್ಲ ಎಂದೆ.